ಗಡ್ಡೆಯ ಮಾತು ಗಡ್ಡೆಯಲ್ಲೇ ಇರಲಿ ಎನ್ನುವವರಿಗೆ

(ಗುಂಡುಮಾಲಿನ ಕಾರ್ಮಿಕ ಕೂಟದಲ್ಲಿ ಮಾಡಿದ ಭಾಷಣ)



ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಗಳಿಂದ ಒಂದು ದಿನದ ಕೂಲಿ ಬಿಟ್ಟು ನೀವು ಇಲ್ಲಿಗೆ ಬಂದು ಕುಳಿತಿದ್ದೀರಿ. ಆದುದರಿಂದ ಪೀಠಿಕೆಗೆ ಹೊತ್ತು ಕಳೆಯದೆ ವಿಷಯಕ್ಕೆ ಬರುತ್ತೇವೆ. ಹಂಪೆಯ ಎದುರು ದಂಡೆಯ ವಿರೂಪಾಪುರಗಡ್ಡೆ, ಸಾಣಾಪುರ, ಆನೆಗೊಂದಿ ಇವುಗಳ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಕೆಲವರು ಆ ಕಡೆ ದುಡಿದೂ ಬಂದಿದ್ದೀರಿ. ಹೊರದೇಶದವರು ಬಂದು ದಿನಗಟ್ಟಲೆ, ವಾರಗಟ್ಟಲೆ ಇಳಿದುಕೊಳ್ಳುವಂಥ ಇಂಥ ಸ್ಥಳದಲ್ಲಿ ಒಂದು ಅಪರಾಧ ನಡೆದರೆ ಅದನ್ನು ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಆಡಬೇಕೋ, ಊರಿನ ಮಾನಕ್ಕಾಗಿ ನುಂಗಿಕೊಳ್ಳಬೇಕೋ ಎಂಬುದೇ ಇಂದಿನ ವಿಷಯ.

ಅದು ಕರ್ನಾಟಕದ ಸಂಗತಿ, ತೆಲಂಗಾಣದಲ್ಲಿ ಕುಳಿತ ನಮಗೇಕೆ ಎಂದು ಕೇಳಬಹುದು. ನದಿಗೆ ಈ ಗಡಿ ಗೊತ್ತಿಲ್ಲ. ಹಂಪೆಯ ಮುಂದೆ ಹರಿದ ತುಂಗಭದ್ರೆಯೇ ಆಲಂಪುರದ ಗುಡಿಗಳ ಪಕ್ಕದಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ರಾಜೋಳಿಬಂಡೆಯಿಂದ ಗದ್ವಾಲ ಸೀಮೆಯ ಹೊಲಗಳಿಗೆ ಬರುವುದೂ ಅದೇ ನೀರು. (ಬರಬೇಕಾದಷ್ಟು ಬರುತ್ತದೆಯೇ ಎಂಬ ಜಗಳ ಬೇರೆ, ಅದಕ್ಕೆ ಇನ್ನೊಂದು ದಿನ ಬೇಕು.) ನಮ್ಮ ಹತ್ತಿರವೂ ಕೃಷ್ಣೆಯ ನಡುವೆ ಕುರುವಪುರದಂತಹ ಗಡ್ಡೆಗಳಿವೆ, ದೂರದ ಊರುಗಳ ಯಾತ್ರಿಕರು ನದಿ ದಾಟಿ ಅಲ್ಲಿಗೆ ಬರುತ್ತಾರೆ. ನದಿಗೆ ಹೇಗೋ ಕೂಲಿಗೂ ಹಾಗೆಯೇ. ಪಾಲಮೂರು ಕೂಲಿಯೆಂಬ ಹೆಸರು ದೇಶದ ಎಷ್ಟು ಅಣೆಕಟ್ಟುಗಳ, ಎಷ್ಟು ಕಟ್ಟಡಗಳ ಬುಡದಲ್ಲಿದೆಯೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮೇಸ್ತ್ರಿ ಕರೆದಲ್ಲಿಗೆ ಹೊರಟವರು ನಾವು. ಹೊರಟ ಮೇಲೆ ನಾವೂ ಅಲ್ಲಿ ಪರಸ್ಥಳದವರೇ. ವಿದೇಶದಿಂದ ಬಂದವನನ್ನು ಅತಿಥಿ ಎನ್ನುತ್ತಾರೆ, ನಮ್ಮನ್ನು ಹಾಗೆನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ನಡೆದದ್ದನ್ನು ಹೇಳೋಣ. 2025ನೇ ಇಸವಿ ಮಾರ್ಚ್ 6ನೇ ತಾರೀಖು ಗುರುವಾರ ರಾತ್ರಿ, ಸಾಣಾಪುರದ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ ಐದು ಮಂದಿ ಕುಳಿತಿದ್ದರು. ಅವರಲ್ಲಿ ಒಬ್ಬಾಕೆ ಇಸ್ರೇಲಿನಿಂದ ಬಂದ ಯುವತಿ. ಇನ್ನೊಬ್ಬಾಕೆ ಅವರು ಇಳಿದುಕೊಂಡಿದ್ದ ತಂಗುಮನೆಯನ್ನು ನಡೆಸುತ್ತಿದ್ದ ಮಹಿಳೆ. ಮೂವರು ಗಂಡಸರಲ್ಲಿ ಒಬ್ಬ ಅಮೆರಿಕದವನು, ಒಬ್ಬ ಮಹಾರಾಷ್ಟ್ರದವನು, ಒಬ್ಬ ಒಡಿಶಾದವನು. ಊಟ ಮುಗಿಸಿ ನಕ್ಷತ್ರ ನೋಡುತ್ತ, ಹಾಡಿಕೊಳ್ಳುತ್ತ ಕುಳಿತಿದ್ದರು. ಮೋಟಾರ್ ಸೈಕಲ್ಲಿನ ಮೇಲೆ ಬಂದ ಮೂವರು ಯುವಕರು ಮೊದಲು ಪೆಟ್ರೋಲು ಎಲ್ಲಿ ಸಿಗುತ್ತದೆಂದು ಕೇಳಿದರು, ಆಮೇಲೆ 100 ರೂಪಾಯಿ ಕೇಳಿದರು. ಮಾತಿಗೆ ಮಾತು ಬೆಳೆಯಿತು. ಗಂಡಸರನ್ನು ಹೊಡೆದು ಕಾಲುವೆಗೆ ತಳ್ಳಿದರು. ಇಬ್ಬರು ಈಜಿ ದಡ ಸೇರಿದರು. ಒಡಿಶಾದ ಯುವಕನ ಹೆಣ ಮೂರನೆಯ ದಿನ ಸಿಕ್ಕಿತು. ಹೆಂಗಸರಿಬ್ಬರ ಮೇಲೆ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೂವರು ಸೆರೆಯಾದರು. ಅವರು ಗಂಗಾವತಿ ಕಡೆಯವರು, ಗಾರೆ ಕೆಲಸದವರು ಎಂದು ಪತ್ರಿಕೆಗಳಲ್ಲಿ ಬಂತು.

ಗಾರೆ ಕೆಲಸದವರು ಎಂಬ ಮಾತನ್ನು ಈ ಕೂಟದಲ್ಲಿ ನಾವು ಬೇಕೆಂದೇ ಹೇಳುತ್ತಿದ್ದೇವೆ. ಕರಣೆ ಹಿಡಿದ ಕೈಯೆಂದಾಕ್ಷಣ ಅದು ಪಾಪ ಮಾಡದ ಕೈ ಎಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮವರ ಮೇಲೆ ಅನ್ಯಾಯವಾದಾಗ ಕೂಗುವ ಬಾಯಿ, ನಮ್ಮಂಥವರು ಅನ್ಯಾಯ ಮಾಡಿದರೆಂದಾಗ ಮುಚ್ಚಿಕೊಂಡರೆ ಆ ಕೂಗಿಗೆ ಬೆಲೆಯಿಲ್ಲ.

ಈ ಸುದ್ದಿ ಬಂದಾಗ ಎರಡು ಬಗೆಯ ಮಾತು ಕೇಳಿಬಂತು. ಒಂದು ಬಗೆಯದು, ಗಡ್ಡೆಯ ಮಾತು ಗಡ್ಡೆಯಲ್ಲೇ ಇರಲಿ ಎಂಬುದು. ಇದನ್ನು ನಾವು ಸುಮ್ಮನೆ ತಳ್ಳಿಹಾಕಬಾರದು. ಆ ಊರುಗಳಲ್ಲಿ ವ್ಯಾಪಾರವೆಂದರೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕೆಲವೇ ತಿಂಗಳುಗಳ ಸುಗ್ಗಿ. ಅಷ್ಟರಲ್ಲಿ ಗಳಿಸಿದ್ದೇ ವರ್ಷದ ಅನ್ನ. ಹರಿಗೋಲು ಹಾಕುವವನು, ಆಟೋ ಓಡಿಸುವವನು, ಎಳನೀರು ಮಾರುವ ಅಜ್ಜಿ, ಹಾಸಿಗೆಯ ಹೊದಿಕೆ ಒಗೆದುಕೊಡುವ ಹೆಂಗಸು, ಇವರೆಲ್ಲ ಒಂದು ಕೆಟ್ಟ ಸುದ್ದಿಯಿಂದ ಕೆಲಸ ಕಳೆದುಕೊಳ್ಳುತ್ತಾರೆ. ಆ ಮಾರ್ಚಿನಲ್ಲೂ ಹಾಗೆಯೇ ಆಯಿತು; ಜನ ಗಂಟು ಕಟ್ಟಿದರು, ಕಾದಿರಿಸಿದ ಕೋಣೆಗಳನ್ನು ಬೇಡವೆಂದರು. ಹೊಟ್ಟೆಯ ಭಯದಿಂದ ಬಾಯಿ ಮುಚ್ಚುವವನನ್ನು ಹೊಟ್ಟೆ ತುಂಬಿದವನು ಹಳಿಯಬಾರದು.

ಇನ್ನೊಂದು ಬಗೆಯ ಮಾತು ಸುಲಭದ್ದು. ಆ ಜನ ರಾತ್ರಿ ಹನ್ನೊಂದಕ್ಕೆ ಕಾಲುವೆಯ ಏರಿಗೆ ಏಕೆ ಹೋಗಬೇಕಿತ್ತು, ಅವರ ಬಟ್ಟೆ ಎಂಥದು, ಅವರ ಕುಡಿತ ಎಂಥದು ಎಂಬ ಹರಟೆ. ಇದಕ್ಕೆ ನಾವು ಒಂದೇ ಉತ್ತರ ಕೊಡುತ್ತೇವೆ. ಇದೇ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಸಿಂಧನೂರು, ಮಾನ್ವಿ ಸೀಮೆಯ ಗದ್ದೆಗಳಿಗೆ ನಾಟಿಗೆ ಹೋದ ಹೆಣ್ಣಾಳುಗಳು ಎಲ್ಲಿ ಮಲಗುತ್ತಾರೆ? ಕಾಲುವೆಯ ಏರಿಯ ಮಗ್ಗುಲಲ್ಲಿ, ಗುಡಿಸಲಿನಲ್ಲಿ, ತಾಡಪಾಲಿನ ಕೆಳಗೆ. ಬಹಿರ್ದೆಸೆಗೆ ಎಲ್ಲಿಗೆ ಹೋಗುತ್ತಾರೆ? ಕತ್ತಲಲ್ಲಿ ಅದೇ ಏರಿಯಾಚೆಗೆ. ರಾತ್ರಿ ಕಾಲುವೆಯ ಬಳಿ ಇದ್ದ ಹೆಂಗಸಿಗೆ ರಕ್ಷಣೆ ಕೇಳುವ ಹಕ್ಕಿಲ್ಲವೆಂದು ಇಂದು ವಿದೇಶದವಳ ವಿಷಯದಲ್ಲಿ ಒಪ್ಪಿದವನು, ನಾಳೆ ನಮ್ಮ ಅಕ್ಕತಂಗಿಯರ ವಿಷಯದಲ್ಲಿ ಏನು ಹೇಳುತ್ತಾನೆ?

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸುದ್ದಿಯ ತಲೆಬರಹಗಳಲ್ಲಿ ವಿದೇಶೀ ಪ್ರವಾಸಿ ಎಂಬ ಮಾತು ದೊಡ್ಡದಾಗಿ ನಿಂತಿತು. ಅದೇ ರಾತ್ರಿ ಅದೇ ಕೇಡಿಗೆ ಒಳಗಾದ ಇಲ್ಲಿಯ ಮಹಿಳೆ, ಸತ್ತೇಹೋದ ಒಡಿಶಾದ ಯುವಕ, ಇವರು ಎರಡನೆಯ ಸಾಲಿಗೆ ಸರಿದರು. ಆದರೆ ಪೊಲೀಸರಿಗೆ ದೂರು ಕೊಟ್ಟವರು ಯಾರು? ಆ ಇಲ್ಲಿಯ ಮಹಿಳೆಯೇ. ದುಡಿದು ತಿನ್ನುವ ಹೆಣ್ಣು, ವ್ಯಾಪಾರ ಕೆಡುತ್ತದೆ, ಹೆಸರು ಹಾಳಾಗುತ್ತದೆ ಎಂಬ ಲೆಕ್ಕ ಹಾಕುತ್ತ ಕೂರದೆ ಬಾಯಿ ಬಿಟ್ಟು ಹೇಳಿದರು. ಅವರು ಹೇಳಿದ್ದರಿಂದಲೇ ತನಿಖೆಗೆ ಬುಡ ಸಿಕ್ಕಿತು. ಗಡ್ಡೆಯ ಮಾತು ಗಡ್ಡೆಯಲ್ಲೇ ಇದ್ದಿದ್ದರೆ ಕಾಲುವೆಯಲ್ಲಿ ಸಿಕ್ಕಿದ್ದು ಕಾಲುಜಾರಿ ಬಿದ್ದವನ ಹೆಣವಾಗುತ್ತಿತ್ತು.

ಈಗ ಮೌನ ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ಜನರ ಸ್ವಭಾವ ಕೆಟ್ಟದ್ದಾದ್ದರಿಂದ ಅದು ಹುಟ್ಟುವುದಿಲ್ಲ. ಅದಕ್ಕೆ ಆಧಾರವಾಗಿ ಒಂದು ಏರ್ಪಾಡು ಇರುತ್ತದೆ. ವಿರೂಪಾಪುರಗಡ್ಡೆಯನ್ನೇ ತೆಗೆದುಕೊಳ್ಳಿ. ತುಂಗಭದ್ರೆ ಸೀಳಿ ಹರಿದು ಮಾಡಿದ ಭೂಮಿ. ಭತ್ತ, ಬಾಳೆ ಬೆಳೆಯುವ ಊರು. ಹಂಪೆಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಗ್ಗದ ಗುಡಿಸಲು, ನೆಮ್ಮದಿ ಹುಡುಕಿಕೊಂಡು ಬರುವ ವಿದೇಶೀಯರಿಗೆ ಎದುರು ದಂಡೆಯ ಈ ಗಡ್ಡೆ ಹಿಡಿಸಿತು. ಹಿಪ್ಪಿ ದ್ವೀಪವೆಂಬ ಅಡ್ಡಹೆಸರೂ ಬಿತ್ತು. ಹೀಬ್ರೂ ಅಕ್ಷರದ ಫಲಕಗಳು ಬಂದವು. ಆದರೆ ಅಲ್ಲಿಯ ವಸತಿಗೃಹಗಳು ರಕ್ಷಿತ ಪ್ರದೇಶದಲ್ಲಿ ಕಟ್ಟಿದವುಗಳೆಂದು ಸರಕಾರದವರು ಮೊಕದ್ದಮೆ ನಡೆಸಿದರು. ಕರ್ನಾಟಕ ಉಚ್ಚ ನ್ಯಾಯಾಲಯ 2015ರಲ್ಲಿಯೂ, ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿಯಲ್ಲಿಯೂ ತೆರವಿನ ಪರವಾಗಿ ತೀರ್ಪು ಕೊಟ್ಟವು. 2020ರ ಮಾರ್ಚಿನಲ್ಲಿ ಅವು ನೆಲಸಮವಾದವು. ಉಳಿದ ವ್ಯಾಪಾರ ಸಾಣಾಪುರ, ಆನೆಗೊಂದಿಯ ಸುತ್ತ ಹರಡಿಕೊಂಡಿತು.

ತೆರವು ಸರಿಯೋ ತಪ್ಪೋ ಎಂಬುದು ಇಂದಿನ ಮಾತಲ್ಲ. ನಾವು ಕೇಳುವುದು ಇಷ್ಟೇ. ಯಾವನ ಕಟ್ಟಡದ ಮೇಲೆಯೇ ಮೊಕದ್ದಮೆಯಿದೆಯೋ, ಯಾವನ ಬಳಿ ಪರವಾನಗಿಯ ಕಾಗದವಿಲ್ಲವೋ, ವಿದೇಶೀಯರನ್ನು ಇಳಿಸಿಕೊಂಡಾಗ ಅಧಿಕಾರಿಗಳಿಗೆ ತಿಳಿಸಲೇಬೇಕಾದ ವಿವರವನ್ನು ಯಾವನು ತಿಳಿಸಿಲ್ಲವೋ, ಅವನು ತನ್ನ ಅಂಗಳದಲ್ಲಿ ಕಳ್ಳತನವಾದರೆ ಪೊಲೀಸರನ್ನು ಕರೆಯುತ್ತಾನೆಯೇ? ಕರೆಯುವುದಿಲ್ಲ. ಕಳೆದುಹೋದ ಕ್ಯಾಮೆರಾಕ್ಕೆ ಪ್ರತಿಯಾಗಿ ಒಂದಷ್ಟು ಹಣ ಕೊಟ್ಟು ಅತಿಥಿಯನ್ನು ಸಾಗಹಾಕುತ್ತಾನೆ. ಆಮೇಲೆ ಆ ಹಣವನ್ನು ಪಾತ್ರೆ ತೊಳೆಯುವವನ ಸಂಬಳದಲ್ಲಿ ಮುರಿದುಕೊಳ್ಳುತ್ತಾನೆ. ಕದ್ದವನು ಯಾರೆಂದು ಯಾರಿಗೂ ತಿಳಿಯುವುದಿಲ್ಲ, ತಂಡ ತೆತ್ತವನು ಯಾರೆಂದು ಮಾತ್ರ ಅಡಿಗೆಮನೆಗೆಲ್ಲ ತಿಳಿದಿರುತ್ತದೆ. ಗಾಂಜಾದ ವಿಷಯವೂ ಹಾಗೆಯೇ. ಸೇದುವವನು ಸೇದಿ ವಿಮಾನ ಹತ್ತುತ್ತಾನೆ, ಮಾರುವವನು ಮರೆಯಲ್ಲಿರುತ್ತಾನೆ, ಪೊಟ್ಟಣ ತಲುಪಿಸಲು ಕಳುಹಿಸಿದ ಹುಡುಗನ ಜೇಬಿನಲ್ಲಿ ಅದು ಸಿಕ್ಕುತ್ತದೆ. ನದಿಯ ಈಚೆ ದಡ ವಿಜಯನಗರ ಜಿಲ್ಲೆ, ಆಚೆ ದಡ ಕೊಪ್ಪಳ ಜಿಲ್ಲೆ. ಇದು ನಮ್ಮ ಠಾಣೆಗೆ ಸೇರಿದ್ದಲ್ಲ ಎಂದು ಕಳುಹಿಸಿಬಿಟ್ಟರೆ ಬಡವನ ದೂರು ನದಿಯ ನಡುವೆಯೇ ಮುಳುಗುತ್ತದೆ.

ಮೌನದ ಬೆಲೆಯನ್ನು ಕೂಲಿಯವನು ತೆರುತ್ತಾನೆಂಬುದಕ್ಕೆ ಥಾಯ್‌ಲ್ಯಾಂಡ್ ದೇಶದ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅಲ್ಲಿ ಕೋ ತಾವ್ ಎಂಬ ಪುಟ್ಟ ದ್ವೀಪವಿದೆ. ಸಮುದ್ರದಲ್ಲಿ ಮುಳುಗಿ ಹವಳ ನೋಡುವ ಆಸೆಯಿಂದ ಪ್ರಪಂಚದ ಎಲ್ಲೆಡೆಯಿಂದ ಯುವಕ ಯುವತಿಯರು ಬರುತ್ತಾರೆ. ಅಡಿಗೆ, ಗುಡಿಸುವುದು, ಕಟ್ಟುವುದು ಎಲ್ಲ ಕೆಲಸಕ್ಕೂ ಮ್ಯಾನ್ಮಾರಿನಿಂದ ಬಂದ ವಲಸೆ ಕೂಲಿಗಳು ಇದ್ದಾರೆ. 2014ರ ಸೆಪ್ಟೆಂಬರ್ 15ರ ಬೆಳಗ್ಗೆ ಕಡಲ ತೀರದಲ್ಲಿ ಇಬ್ಬರು ಬ್ರಿಟಿಷ್ ಪ್ರವಾಸಿಗಳ ಹೆಣ ಸಿಕ್ಕಿದವು, ಒಬ್ಬ ಗಂಡು, ಒಬ್ಬ ಹೆಣ್ಣು. ದ್ವೀಪಕ್ಕೆ ಕೆಟ್ಟ ಹೆಸರು ಬರುತ್ತದೆ, ಬೇಗ ಯಾರನ್ನಾದರೂ ಹಿಡಿಯಬೇಕು ಎಂಬ ಒತ್ತಡ ಎದ್ದಿತು. ಮ್ಯಾನ್ಮಾರಿನ ಕೂಲಿಗಳನ್ನು ಸಾಲುಗಟ್ಟಿ ನಿಲ್ಲಿಸಿ ಪರೀಕ್ಷೆಗೆ ಮಾದರಿ ತೆಗೆದುಕೊಂಡರು. ಅಕ್ಟೋಬರಿನಲ್ಲಿ ಅವರ ಪೈಕಿ ಇಬ್ಬರು ಯುವಕರನ್ನು ಹಿಡಿದರು. ಅವರು ಮೊದಲು ತಪ್ಪೊಪ್ಪಿಕೊಂಡರು, ಆಮೇಲೆ, ಹೊಡೆದು ಬಡಿದು ಒಪ್ಪಿಸಿದರೆಂದು ಹೇಳಿ ಆ ಮಾತನ್ನು ಹಿಂತೆಗೆದುಕೊಂಡರು. ಪೊಲೀಸರು ಅದನ್ನು ಅಲ್ಲಗಳೆದರು. 2015ರ ಡಿಸೆಂಬರ್ 24ರಂದು ಮರಣದಂಡನೆಯ ತೀರ್ಪಾಯಿತು. 2019ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2020ರಲ್ಲಿ ರಾಜಾಜ್ಞೆಯಿಂದ ಅದು ಜೀವಾವಧಿ ಶಿಕ್ಷೆಯಾಯಿತು.

ಅವರು ಮಾಡಿದ್ದರೋ ಇಲ್ಲವೋ ಎಂದು ಗುಂಡುಮಾಲಿನಲ್ಲಿ ಕುಳಿತು ನಾವು ತೀರ್ಮಾನಿಸಲಾರೆವು. ಆದರೆ ಇಷ್ಟು ವರ್ಷಗಳಾದರೂ ಆ ತೀರ್ಪಿನ ಸುತ್ತ ಅನುಮಾನ ಹೋಗಿಲ್ಲ. ಒಂದು ಚಿಕ್ಕ ಊರು ತನ್ನಲ್ಲಿ ನಡೆಯುವುದನ್ನು ಬಿಚ್ಚಿ ಮಾತನಾಡದಿದ್ದರೆ, ಮೊದಲ ಕಳ್ಳತನವಾದ ದಿನ, ಮೊದಲ ಹುಡುಗಿಯನ್ನು ಕೆಣಕಿದ ದಿನ ಸುಮ್ಮನಿದ್ದರೆ, ದೊಡ್ಡ ಅನಾಹುತವಾದ ದಿನ ಅದರ ಬಳಿ ಸಾಕ್ಷಿಯೇ ಇರುವುದಿಲ್ಲ, ಬರೀ ಅನುಮಾನವಿರುತ್ತದೆ. ಅನುಮಾನ ಮೊದಲು ಬಂದು ಬೀಳುವುದು ಭಾಷೆ ಬಾರದವನ ಮೇಲೆ, ಕಾಗದವಿಲ್ಲದವನ ಮೇಲೆ, ಹೊರಗಿನ ಕೂಲಿಯವನ ಮೇಲೆ.

ನಮ್ಮ ದೇಶದಲ್ಲಿಯೂ ಮುಚ್ಚಲು ನೋಡಿದ ಸಂಗತಿ ತೆರೆದುಕೊಂಡದ್ದುಂಟು. ಗೋವೆಯ ಅಂಜುನಾ ತೀರದಲ್ಲಿ 2008ರ ಫೆಬ್ರವರಿಯಲ್ಲಿ 15 ವರ್ಷದ ಬ್ರಿಟಿಷ್ ಹುಡುಗಿಯೊಬ್ಬಳ ಹೆಣ ಸಿಕ್ಕಿದಾಗ, ನೀರಿಗೆ ಬಿದ್ದು ಸತ್ತಳು ಎಂದು ಮೊದಲು ಹೇಳಿದರು. ತಾಯಿ ಒಪ್ಪಲಿಲ್ಲ. ಪರದೇಶದ ಆ ಹೆಂಗಸು ಊರೂರು ತಿರುಗಿ, ಪತ್ರಿಕೆಯವರ ಮುಂದೆ ಕೂಗಿ, ಎರಡನೆಯ ಸಲ ಶವಪರೀಕ್ಷೆ ಮಾಡಿಸಿದಳು. ಮೈಮೇಲಿನ ಗಾಯಗಳು ಹೊರಬಿದ್ದವು. 2016ರಲ್ಲಿ ಆರೋಪಿಗಳಿಬ್ಬರೂ ಬಿಡುಗಡೆಯಾದರು. ಆಮೇಲೆ 2019ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಒಬ್ಬನಿಗೆ 10 ವರ್ಷದ ಶಿಕ್ಷೆಯಾಯಿತು. ಹನ್ನೊಂದು ವರ್ಷ! ಪ್ರವಾಸಿಗಳೇನೂ ಗೋವೆಗೆ ಬರುವುದನ್ನು ನಿಲ್ಲಿಸಲಿಲ್ಲ. ಬಾಯಿ ಬಿಟ್ಟರೆ ಊರು ಹಾಳಾಗುತ್ತದೆ ಎನ್ನುವವರು ಇದನ್ನೂ ನೆನೆಯಲಿ.

ಹಂಪೆಯಲ್ಲಿಯೇ ಕಲ್ಲಿನ ವಿಷಯದಲ್ಲಿ ಎಲ್ಲರೂ ಬಾಯಿ ಬಿಟ್ಟರು. 2019ರಲ್ಲಿ ಕೆಲವು ಯುವಕರು ಅಲ್ಲಿಯ ವಿಷ್ಣು ಗುಡಿಯ ಕಂಬ ಬೀಳಿಸುವ ಚಿತ್ರ ಊರೆಲ್ಲ ಹರಡಿತು. ನಾಲ್ವರು ಸಿಕ್ಕಿಬಿದ್ದರು. ತಲೆಗೆ 70,000 ರೂಪಾಯಿ ದಂಡ ಬಿತ್ತು. ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿದರು. ಚೆನ್ನಾಯಿತು. ಆದರೆ ಅದೇ ಹೊಳೆಯ ಮೇಲೆ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತದ್ದು ಇಂದು ಎಷ್ಟು ಜನರ ನೆನಪಿನಲ್ಲಿದೆ? ಕಂಬ ಬಿದ್ದದ್ದು ಗೊತ್ತಿದ್ದವರಿಗೆ ಅದರ ಹತ್ತಿರದಲ್ಲಿಯೇ ಸೇತುವೆಯಡಿ ಸಿಕ್ಕಿ ಸತ್ತವರು ಗೊತ್ತಿಲ್ಲ.

ಜೆರಿಕೋ ದಾರಿಯ ಸಾಮ್ಯವನ್ನು ನಮ್ಮ ಕೂಟಗಳಲ್ಲಿ ಬಹಳ ಸಲ ಕೇಳಿದ್ದೇವೆ. ಅದರಲ್ಲಿ ಒಬ್ಬ ಛತ್ರದವನಿದ್ದಾನೆ. ಅವನನ್ನು ಯಾರೂ ಎತ್ತಿ ಆಡುವುದಿಲ್ಲ. ದಾರಿಯಲ್ಲಿ ಕಳ್ಳರಿದ್ದಾರೆಂಬ ಸುದ್ದಿ ಹಬ್ಬಿದರೆ ತನ್ನ ಛತ್ರಕ್ಕೆ ಜನ ಬಾರರು ಎಂದೆಣಿಸಿ, ಗಾಯಗೊಂಡವನನ್ನು ಅವನು ಹೊರಗೆ ನಿಲ್ಲಿಸಲಿಲ್ಲ. ಅಷ್ಟನ್ನೇ ನಾವು ಆನೆಗೊಂದಿಯವರಿಂದಲೂ, ನಾಳೆ ಕುರುವಪುರದವರಿಂದಲೂ ಕೇಳುವುದು.

ಹಾಗಾದರೆ ಬಾಯಿ ಬಿಡುವುದು ಹೇಗೆ? ಬಾಯಿಗೆ ಬಂದದ್ದನ್ನು ಆಡುವುದು ಬೇರೆ, ಬಾಯಿ ಬಿಟ್ಟು ಹೇಳುವುದು ಬೇರೆ. ಅತ್ಯಾಚಾರಕ್ಕೆ ಒಳಗಾದವಳ ಹೆಸರು, ಊರು, ಮನೆ, ಚಿತ್ರ ಯಾವುದನ್ನೂ ಬಯಲಿಗೆ ಹಾಕಕೂಡದು. ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನ ಪ್ರಕಾರ ಅದಕ್ಕೆ ಎರಡು ವರ್ಷದವರೆಗೆ ಸೆರೆವಾಸವುಂಟು. ಸಾಣಾಪುರದ ಸಂಗತಿ ಮೊಬೈಲಿನಲ್ಲಿ ಹರಿದಾಡಿದಾಗ ಫೋಟೋ ಎಲ್ಲಿ, ಹೆಸರೇನು ಎಂದು ಕೇಳಿದವರು ಬಹಳ ಮಂದಿ. ಕೃತ್ಯದ ಮಾತು ತೆರೆದಿರಲಿ, ಹೆಣ್ಣಿನ ಹೆಸರು ಮುಚ್ಚಿರಲಿ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಹಾಗೆಯೇ ಮಾಡಿದವನ ಜಾತಿ ಹಿಡಿದು ಕೇರಿಯನ್ನೇ ಬೈಯುವುದೂ, ಎಲ್ಲ ವಿದೇಶೀಯರೂ ಕೆಟ್ಟವರು ಎನ್ನುವುದೂ ತೆರೆದ ಮಾತಲ್ಲ. ಕಂಡದ್ದನ್ನು ಕಂಡೆನೆನ್ನಿ, ಕೇಳಿದ್ದನ್ನು ಕೇಳಿದೆನೆನ್ನಿ, ಎರಡನ್ನೂ ಬೆರೆಸಬೇಡಿ. ಬೆರೆಸಿದ ಸಾಕ್ಷಿಯನ್ನು ಒಳ್ಳೆಯ ವಕೀಲ ಐದು ನಿಮಿಷದಲ್ಲಿ ಹರಿದು ಹಾಕುತ್ತಾನೆ.

ಇನ್ನು ಠಾಣೆಯ ವಿಷಯ. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ನೀವು ಹೋದ ಠಾಣೆಯಲ್ಲಿ ದೂರು ಬರೆದುಕೊಳ್ಳಬೇಕೆಂದು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಪ್ರತಿಯನ್ನು ಪುಕ್ಕಟೆ ಕೊಡಬೇಕು. ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಿಗೆ ಬರೆದು ಕಳುಹಿಸಬಹುದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನಮ್ಮ ದೇಶದ ನ್ಯಾಯಾಲಯದಲ್ಲಿ ಆರೋಪಿಯ ಮೇಲೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ನಮ್ಮ ಹುಡುಗರು ಸುಳ್ಳು ಆರೋಪದಲ್ಲಿ ಸಿಕ್ಕರೆ ಇದು ಮೊದಲು ನೆನಪಿರಲಿ. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಸೆರೆಯಲ್ಲಿರುವವರಿಗೆ ಸರಕಾರದ ವಕೀಲರ ನೆರವು ಪುಕ್ಕಟೆ. ದೂರವಾಣಿ ಸಂಖ್ಯೆ 15100. ಆಪತ್ತಿನಲ್ಲಿ 112. ಈ ಎರಡು ಸಂಖ್ಯೆಗಳನ್ನು ಓದು ಬಾರದವರಿಗೂ ಬಾಯಿಪಾಠ ಮಾಡಿಸಿ.

ಕೊನೆಗೆ ನೀವು ಕೇಳುವ ಪ್ರಶ್ನೆ ನಮಗೆ ಗೊತ್ತು. ಸಾಕ್ಷಿ ಹೇಳಲು ಹೋದ ದಿನದ ಕೂಲಿ ಯಾರು ಕೊಡುತ್ತಾರೆ, ಮೇಸ್ತ್ರಿ ಕೆಲಸದಿಂದ ಬಿಡಿಸಿದರೆ ಯಾರು ಕೇಳುತ್ತಾರೆ? ನ್ಯಾಯವಾದ ಪ್ರಶ್ನೆಯೇ. ಸಾಕ್ಷಿಯವರಿಗೆ ಖರ್ಚು ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಬೆದರಿಕೆ ಬಂದರೆ ರಕ್ಷಣೆ ಕೊಡುವ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಒಪ್ಪಿ ಇಡೀ ದೇಶಕ್ಕೆ ಅನ್ವಯಿಸಿದೆ. ಆದರೆ ಆ ಹಣ ಕೈಗೆ ಬರುವವರೆಗೆ ಒಲೆ ಉರಿಯಬೇಕಲ್ಲ. ಆದುದರಿಂದ ಹೊರಗೆ ದುಡಿಯಲು ಹೋದ ನಮ್ಮವರು ಯಾರಾದರೂ ಸಾಕ್ಷಿಗೆ ಹೋಗಬೇಕಾಗಿ ಬಂದರೆ ಆ ದಿನದ ಕೂಲಿಯನ್ನು ನಮ್ಮ ಕೂಟದ ಹುಂಡಿಯಿಂದ ಕೊಡೋಣವೆಂದು ನಾವು ನಿಮ್ಮ ಮುಂದೆ ಇಡುತ್ತಿದ್ದೇವೆ. ಯಾರು ಯಾವ ಮೇಸ್ತ್ರಿಯ ಜೊತೆ ಎಲ್ಲಿಗೆ ಹೋಗಿದ್ದಾರೆಂಬ ಪುಸ್ತಕವನ್ನೂ ಊರೂರಿಗೆ ಒಬ್ಬರು ಬರೆದಿಡಬೇಕು. ಈ ಎರಡರ ಮೇಲೆ ನಿಮ್ಮ ಅಭಿಪ್ರಾಯ ಬೇಕು. ಗಂಗಾವತಿ ಸೀಮೆಯಲ್ಲಿ ನಾಟಿ ಮಾಡಿ ಬಂದ ತಾಯಂದಿರು ಹಿಂದೆ ಕುಳಿತಿದ್ದಾರೆ. ಅವರು ಮುಂದೆ ಬಂದು ಮೊದಲು ಮಾತನಾಡಲಿ.